ಮೇಜಿನ ಮೇಲೆ ನಿಂತ ಅಣ್ಣ

ಮನುಷ್ಯನನ್ನು ಎದುರಿಗೆ ನಿಲ್ಲಿಸಿಕೊಂಡು ಚಿತ್ರ ಬರೆಯುವುದನ್ನು ನಾನು ಕಲಿತದ್ದು ಕೋಲಾರದಲ್ಲಿ, ಭಾನುವಾರಗಳಂದು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಹತ್ತನೆಯ ತರಗತಿಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿದವಳು. ಅಲ್ಲಿಗೆ ನನ್ನ ಓದು ಮುಗಿಯಿತು. ಆಮೇಲೆ ಡ್ರಾಯಿಂಗ್ ಪರೀಕ್ಷೆಗಳನ್ನು ಕಟ್ಟಿಕೊಂಡು ಮುಳಬಾಗಿಲು, ಶ್ರೀನಿವಾಸಪುರ, ವೇಮಗಲ್ ಕಡೆಯ ಹೈಸ್ಕೂಲುಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದೆ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, "ಮೇಡಂ, ಫಿಗರ್ ಡ್ರಾಯಿಂಗ್ ಹೇಗೆ ಕಲಿಸೋದು?" ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಹೇಳದೆ ಬಿಟ್ಟದ್ದನ್ನೂ ಬರೆಯುತ್ತೇನೆ.

ತರಗತಿ ನಡೆಸುತ್ತಿದ್ದವರು ವೆಂಕಟರಮಣಯ್ಯ ಮೇಷ್ಟ್ರು. ವಾರವೆಲ್ಲ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡಿ, ಭಾನುವಾರ ಅದೇ ಸ್ಕೂಲಿನ ಒಂದು ಕೋಣೆಯ ಬೀಗದಕೈ ಕೇಳಿ ಪಡೆದು ನಮಗೆ ಕಲಿಸುತ್ತಿದ್ದರು. ಬೆಂಚುಗಳನ್ನು ಗೋಡೆಗೆ ಸರಿಸಿ, ಮೇಷ್ಟ್ರ ಮೇಜನ್ನು ನಡುವೆ ಎಳೆದು ಇಡುತ್ತಿದ್ದೆವು. ಮಾಡೆಲ್ ಆಗಿ ಬಂದವನು ಆ ಮೇಜಿನ ಮೇಲೆ ನಿಲ್ಲಬೇಕು. ಅವನ ಪಾದಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆವು. ಇಪ್ಪತ್ತು ನಿಮಿಷ ಅಲುಗಾಡದೆ ನಿಲ್ಲುವುದು, ಐದು ನಿಮಿಷ ಇಳಿದು ಕೂರುವುದು, ಮತ್ತೆ ಹತ್ತಿ ಅದೇ ಗೆರೆಯೊಳಗೆ ಪಾದ ಇಡುವುದು. ಶುರುವಾದ ಸಮಯವನ್ನು ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಕೋಣೆಯಲ್ಲಿ ಇದ್ದದ್ದು ಒಂದೇ ಟೈಂಪೀಸು. ಮೇಷ್ಟ್ರು ಕೈಗೆ ವಾಚು ಕಟ್ಟುತ್ತಿರಲಿಲ್ಲ. ಪೆನ್ಸಿಲ್ ಹಿಡಿಯುವ ಮಣಿಕಟ್ಟಿಗೆ ಭಾರ ಅನ್ನುತ್ತಿದ್ದರು.

ಮೊದಲು ಪಾದ ಬರೆಸುತ್ತಿದ್ದರು, ಮುಖ ಕೊನೆಗೆ. "ನೆಲ ಬಿಟ್ಟೋರು ದೇವರ ಪಟದಲ್ಲಿರ್ಲಿ. ನಿಮ್ಮೋನಿಗೆ ಭೂಮಿ ಬೇಕು" ಅನ್ನುವರು. ದಾರಕ್ಕೆ ಕಬ್ಬಿಣದ ನಟ್ಟು ಕಟ್ಟಿ ಕಣ್ಣೆದುರಿಗೆ ಹಿಡಿದು, ಗಂಟಲಿನ ಬುಡದ ಗುಳಿಯಿಂದ ನೇರ ಕೆಳಗೆ ಯಾವ ಹಿಮ್ಮಡಿ ಬರುತ್ತದೆ ಅಂತ ನೋಡಬೇಕಿತ್ತು. ಭಾರ ಹೊತ್ತ ಕಾಲು ಯಾವುದು ಅಂತ ಗೊತ್ತಾದರೆ ಅರ್ಧ ಚಿತ್ರ ಮುಗಿದ ಹಾಗೆ. ನನ್ನ ಮೊದಲ ಮೂರು ತಿಂಗಳ ಚಿತ್ರಗಳಲ್ಲಿ ಮನುಷ್ಯ ಗೋಡೆಗೆ ನೇತುಹಾಕಿದ ಅಂಗಿಯ ಹಾಗೆ ಇರುತ್ತಿದ್ದ.

ಮಾಡೆಲ್ ಪಾಪಣ್ಣ ಗರಡಿಯಲ್ಲಿ ಬೆಳೆದ ಮುದುಕ. ಮಾಂಸ ಎಲ್ಲ ಇಳಿದಿತ್ತು, ಗತ್ತು ಇಳಿದಿರಲಿಲ್ಲ. ಚಡ್ಡಿ ಹಾಕಿಕೊಂಡು ಮೇಜು ಹತ್ತಿದ ಕೂಡಲೇ ಎದೆ ಉಬ್ಬಿಸಿಕೊಂಡು ಉಸಿರು ಬಿಗಿಹಿಡಿಯುತ್ತಿದ್ದ.

"ಪಾಪಣ್ಣ, ಉಸಿರು ಬಿಡಪ್ಪ. ಇವತ್ತು ಕುಸ್ತಿ ಇಲ್ಲ" ಅನ್ನುವರು ಮೇಷ್ಟ್ರು.

"ನಂದು ಹುಟ್ಟಿದಾಗಿಂದ್ಲೂ ಇಂಗೇ ಸ್ವಾಮಿ."

ಹತ್ತು ನಿಮಿಷಕ್ಕೆ ಆ ಎದೆ ತಾನಾಗಿಯೇ ಇಳಿಯುತ್ತಿತ್ತು. ಮೇಷ್ಟ್ರು ಹೇಳಿದಂತೆ ಪಾದದಿಂದ ಶುರು ಮಾಡಿದವರಿಗೆ ಮುದುಕ ಸಿಗುತ್ತಿದ್ದ, ಮಾತು ಮೀರಿ ಎದೆಯಿಂದ ಶುರು ಮಾಡಿದವರಿಗೆ ಪೈಲ್ವಾನ. ವಿರಾಮದಲ್ಲಿ ಪಾಪಣ್ಣ ಬೀಡಿ ಹಚ್ಚಿಕೊಂಡು ಒಬ್ಬೊಬ್ಬರ ಹಲಗೆಯನ್ನೂ ನೋಡಿಕೊಂಡು ಬರುತ್ತಿದ್ದ. ನನ್ನ ಹತ್ತಿರ ನಿಂತು ಒಂದು ದಿನ, "ಏನಮ್ಮಾ, ಇದು ನಾನಾ? ನಮ್ಮತ್ತೆ ಬಂದು ನಿಂತಂಗವಳೆ" ಅಂದ. ಎಲ್ಲರೂ ನಕ್ಕರು. ನನಗೆ ಅಳು ಬಂತು. ಪಾಪಣ್ಣ ಹೇಳಿದ್ದು ಸರಿ ಅಂತ ಈಗ ಅನ್ನಿಸುತ್ತದೆ. ಸೊಂಟವನ್ನು ಅಷ್ಟು ಅಗಲ ಮಾಡಿದ್ದೆ.

ಒಂಬತ್ತು ಜನರಲ್ಲಿ ಹುಡುಗಿ ನಾನೊಬ್ಬಳೇ. ನಮ್ಮದು ಮಾಲೂರು. ಮನೆಯಲ್ಲಿ ಅಪ್ಪ ಇರಲಿಲ್ಲ. ಅಮ್ಮ ತೆಲುಗಿನ ಕಡೆಯವಳು, ಕೋಪ ಬಂದರೆ ಮಾತಿನಲ್ಲಿ ತೆಲುಗು ನುಗ್ಗುತ್ತಿತ್ತು. "ಆಡಪಿಲ್ಲಕಿ ಎಂದುಕೇ ಇದಂತಾ? ಹೆಣ್ಣುಮಗೂಗೆ ಯಾಕೆ ಇದೆಲ್ಲ? ಚಡ್ಡಿ ಹಾಕಿರೋ ಗಂಡಸನ್ನ ನೋಡ್ಕೊಂಡು ಕೂರೋದು ಒಂದು ಪಾಠಾನಾ?" ಅಂದಳು. ನನ್ನ ಪರವಾಗಿ ಮಾತಾಡಿದವನು ಅಣ್ಣ ನಾರಾಯಣ. ಅವನು ನನಗಿಂತ ಐದು ವರ್ಷ ದೊಡ್ಡವನು, ಹೆಂಚಿನ ಕಾರ್ಖಾನೆಯಲ್ಲಿ ಕೆಲಸ. "ನಾನೇ ಕರ್ಕೊಂಡೋಗಿ ಕರ್ಕೊಂಬರ್ತೀನಿ ಕಣಮ್ಮ. ಬಾಗ್ಲಲ್ಲೇ ಕೂತಿರ್ತೀನಿ" ಅಂದ. ವಾರಕ್ಕೆ ಅವನಿಗೆ ಇದ್ದದ್ದು ಆ ಒಂದು ರಜೆ. ಅದನ್ನು ನನಗೆ ಕೊಟ್ಟ. ಬೆಳಿಗ್ಗೆ ನರಸಾಪುರದ ಮೇಲೆ ಹೋಗುವ ಬಸ್ಸು ಹಿಡಿಯುತ್ತಿದ್ದೆವು. ನಾನು ಒಳಗೆ ಬರೆಯುವ ತನಕ ಅವನು ಜಗಲಿಯ ಕಂಬಕ್ಕೆ ಒರಗಿ ನಿದ್ದೆ ಮಾಡುತ್ತಿದ್ದ.

ಎರಡನೆಯ ವರ್ಷ ಪಾಪಣ್ಣನಿಗೆ ಮಂಡಿನೋವು ಜಾಸ್ತಿಯಾಗಿ ಮುಳಬಾಗಿಲಿನಲ್ಲಿದ್ದ ಮಗಳ ಮನೆಗೆ ಹೋದ. ಬೇರೆ ಯಾರೂ ಸಿಗಲಿಲ್ಲ. ಅಂಗಿ ಬಿಚ್ಚಿ ಮೇಜಿನ ಮೇಲೆ ನಿಂತುಕೋ ಅಂದರೆ ಯಾವ ಕೂಲಿಯವನೂ ಒಪ್ಪುತ್ತಿರಲಿಲ್ಲ. ಹೊಲದಲ್ಲಿ ಅಂಗಿ ಇಲ್ಲದೆ ದುಡಿಯುವವರೂ, ಮೇಜು ಅಂದ ಕೂಡಲೇ ನಾಚುತ್ತಿದ್ದರು. ಮೂರು ಭಾನುವಾರ ನಾವು ಕುರ್ಚಿ, ಕೊಡೆ, ಬಕೆಟ್ಟು ಬರೆದೆವು. ನಾಲ್ಕನೆಯ ಭಾನುವಾರ ಮೇಷ್ಟ್ರು ಜಗಲಿಗೆ ಹೋಗಿ ಅಣ್ಣನನ್ನು ಎಬ್ಬಿಸಿದರು.

"ನಾನಾ ಸಾರ್? ನನ್ನಲ್ಲೇನೈತೆ ಬರಿಯೋಕೆ?"

"ಬಾರಪ್ಪ, ಅದನ್ನ ನಾವು ಹುಡುಕ್ಕೊಳ್ತೀವಿ."

ಅವನು ಅಂಗಿ ಬಿಚ್ಚಿದಾಗ ನನಗೆ ಗೊತ್ತಿಲ್ಲದ ದೇಹವೊಂದು ಕಂಡಿತು. ಹಸಿ ಹೆಂಚಿನ ಹಲಗೆಗಳನ್ನು ವರ್ಷಗಟ್ಟಲೆ ಹೊತ್ತು ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಕುತ್ತಿಗೆಯ ಬುಡದಲ್ಲಿ ಒಂದು ಗಂಟು ಕಟ್ಟಿತ್ತು. ಮೇಷ್ಟ್ರು ಖುಷಿಯಾಗಿಬಿಟ್ಟರು. "ನೋಡ್ರೋ, ಎರಡು ಭುಜ ಒಂದೇ ಮಟ್ಟದಲ್ಲಿ ಬರೆದೋರು ಇವನನ್ನ ನೋಡೇ ಇಲ್ಲ ಅಂತ ಅರ್ಥ" ಅಂದರು. ಅಣ್ಣ ನನ್ನ ಕಡೆ ತಿರುಗಿ ನೋಡಲಿಲ್ಲ. ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ಆದರೆ ಚೆನ್ನಾಗಿ ನಿಂತ. ಪಾಪಣ್ಣನಿಗಿಂತ ಚೆನ್ನಾಗಿ ನಿಂತ. ಅಲ್ಲಿಂದ ಮುಂದೆ ಎರಡು ತಿಂಗಳು ಅವನೇ ನಮ್ಮ ಮಾಡೆಲ್.

ಟೈಂಪೀಸು ನೋಡುವ ಕೆಲಸವನ್ನು ಮೇಷ್ಟ್ರು ನನಗೆ ಕೊಟ್ಟರು. ಹುಡುಗರು ಬೇಸರವಾದರೆ ಹದಿನೈದು ನಿಮಿಷಕ್ಕೇ "ರೆಸ್ಟ್" ಅಂತ ಕೂಗಿಬಿಡುತ್ತಿದ್ದರು. "ಈ ಹುಡುಗಿ ಮೋಸ ಮಾಡಲ್ಲ" ಅಂತ ಎಲ್ಲರೆದುರು ಹೇಳಿ ಟೈಂಪೀಸನ್ನು ನನ್ನ ಪಕ್ಕದಲ್ಲಿ ಇಟ್ಟರು.

ಪರೀಕ್ಷೆಗೆ ಒಪ್ಪಿಸಬೇಕಾದ ಹಾಳೆಗಳಲ್ಲಿ ನಿಂತ ಮನುಷ್ಯನ ಪೂರ್ಣ ಚಿತ್ರ ಒಂದು ಇರಲೇಬೇಕಿತ್ತು. ಅದು ನನಗೆ ಬಂದಿರಲಿಲ್ಲ. ಕೊನೆಯ ಭಾನುವಾರ ಮೇಷ್ಟ್ರು ಅಣ್ಣನಿಗೆ ಒಂದು ಉದ್ದನೆಯ ಬಿದಿರು ಗಳ ಕೊಟ್ಟು, ಬಲಗೈ ತಲೆಯ ಮೇಲಕ್ಕೆ ಎತ್ತಿ ಹಿಡಿಯಲು ಹೇಳಿದರು. ಭಾರವೆಲ್ಲ ಬಲಗಾಲಿನ ಮೇಲೆ. ಆ ವಾರ ಅಣ್ಣನಿಗೆ ಹೆಂಚು ಸುಡುವ ಗೂಡಿನ ಹತ್ತಿರ ರಾತ್ರಿ ಪಾಳಿ. ಬೆಳಗಿನ ಜಾವ ಬಿಟ್ಟವನು ಮುಖ ತೊಳೆದು ನೇರ ಬಸ್ಸಿಗೆ ಬಂದಿದ್ದ. ಬಸ್ಸಿನಲ್ಲಿ, "ಏನಾದ್ರೂ ತಿಂದ್ಯಾ?" ಅಂತ ನಾನು ಕೇಳಿದ್ದೆ. "ಆಮೇಲೆ ತಿಂತೀನಿ ಬಿಡೇ" ಅಂದಿದ್ದ. ಅಂದರೆ ನನಗೆ ಅದೂ ಗೊತ್ತಿತ್ತು.

ಬೋರ್ಡಿನ ಮೇಲೆ ಹತ್ತು ಗಂಟೆ ಹತ್ತು ನಿಮಿಷ ಅಂತ ಬರೆದು ಮೇಷ್ಟ್ರು ಹೊರಗೆ ಹೋದರು. ಸ್ಕೂಲಿನ ಜವಾನ ಬೀಗದಕೈ ವಿಷಯಕ್ಕೆ ಕರೆದಿದ್ದ. ಹತ್ತೂವರೆಗೆ ನಾನು "ರೆಸ್ಟ್" ಅನ್ನಬೇಕಿತ್ತು. ಗಡಿಯಾರ ನೋಡಿದೆ. ಹತ್ತೂವರೆಯಾಗಿತ್ತು. ಆದರೆ ನನ್ನ ಹಾಳೆಯ ಮೇಲೆ, ಎರಡು ವರ್ಷದಲ್ಲಿ ಮೊದಲ ಸಲ, ಒಬ್ಬ ಮನುಷ್ಯ ನೆಲದ ಮೇಲೆ ನಿಂತಿದ್ದ. ಎತ್ತಿದ ತೋಳು ಭುಜದಿಂದ ಹೊರಟು ಮೊಣಕೈವರೆಗೆ ಸರಿಯಾಗಿ ಬಂದಿತ್ತು. ಅವನು ಇಳಿದು ಮತ್ತೆ ಹತ್ತಿದರೆ ಪಾದ ಅದೇ ಗೆರೆಗೆ ಬರುತ್ತದೆ, ತೋಳು ಬರುವುದಿಲ್ಲ. ಗಾಳಿಗೆ ಸೀಮೆಸುಣ್ಣದ ಗೆರೆ ಎಳೆಯಲಾಗುವುದಿಲ್ಲ. ನಾನು ಟೈಂಪೀಸನ್ನು ಸ್ವಲ್ಪ ನನ್ನ ಕಡೆಗೆ ತಿರುಗಿಸಿಕೊಂಡೆ.

ಪಕ್ಕದಲ್ಲಿದ್ದ ಅನ್ವರ್ ಕೇಳಿದ, "ಟೈಮ್ ಆಗ್ಲಿಲ್ವಾ?"

"ಇನ್ನೂ ಐದು ನಿಮಿಷ ಐತೆ" ಅಂದೆ.

ಅಣ್ಣ ಅದನ್ನು ಕೇಳಿಸಿಕೊಂಡ. ಗಳವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಸ್ವಲ್ಪ ಹೊತ್ತಿಗೆ ಅವನ ಬಲತೊಡೆ ಸಣ್ಣಗೆ ನಡುಗಲು ಶುರುವಾಯಿತು. ಅದನ್ನೂ ನೋಡಿದೆ. ನಡುಗುವಾಗ ಮಂಡಿಯ ಮೇಲಿನ ಸ್ನಾಯು ಎದ್ದು ಕಾಣುತ್ತಿತ್ತು, ಅದನ್ನು ಬರೆದುಕೊಂಡೆ. ಮತ್ತೆ ಗಡಿಯಾರ ನೋಡಿದಾಗ ಹತ್ತು ಗಂಟೆ ನಲವತ್ತೆಂಟು ನಿಮಿಷ. ತಲೆ ಎತ್ತುವಷ್ಟರಲ್ಲಿ ಗಳ ನೆಲಕ್ಕೆ ಬಿದ್ದ ಶಬ್ದ ಕೇಳಿತು. ಹಿಂದೆಯೇ ಅಣ್ಣ ಬಿದ್ದ, ಬಲಮೊಣಕೈ ಅಡಿಗೆ ಸಿಕ್ಕಿಕೊಂಡು.

ಹುಡುಗರೆಲ್ಲ ಅವನ ಕಡೆ ಓಡಿದರು. ಜಗಲಿಯಲ್ಲಿ ಮೇಷ್ಟ್ರ ಚಪ್ಪಲಿಯ ಸದ್ದಾಯಿತು. ನಾನು ಮೊದಲು ಮಾಡಿದ ಕೆಲಸ ಟೈಂಪೀಸಿನ ಬೆನ್ನಿನ ತಿರುಪನ್ನು ಹಿಂದಕ್ಕೆ ತಿರುಗಿಸಿದ್ದು. ಇಪ್ಪತ್ತು ನಿಮಿಷ ಹಿಂದಕ್ಕೆ. ಆಮೇಲೆ ಅಣ್ಣನ ಹತ್ತಿರ ಹೋದೆ.

ಮೇಷ್ಟ್ರು ಬೋರ್ಡು ನೋಡಿದರು, ಗಡಿಯಾರ ನೋಡಿದರು. "ಹದಿನೆಂಟೇ ನಿಮಿಷಕ್ಕೆ ಹಿಂಗಾಯ್ತಾ?" ಅಂದರು. ಅನ್ವರ್, "ಅರ್ಧ ಗಂಟೆ ಆದಂಗಿತ್ತಲ್ಲ ಸಾರ್" ಅಂದ. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಗಡಿಯಾರದ ಮುಖ ನೋಡಿದೆ. ಅಷ್ಟರಲ್ಲಿ ನೀರು ಚಿಮುಕಿಸಿದ್ದಕ್ಕೆ ಕಣ್ಣು ಬಿಟ್ಟಿದ್ದ ಅಣ್ಣ ಹೇಳಿದ, "ತಪ್ಪಾಯ್ತು ಮೇಷ್ಟ್ರೇ. ನಿಂತ್ಕೊಳ್ಳೋಕೂ ಆಗ್ಲಿಲ್ಲ ನನ್ ಕೈಲಿ. ಹುಡುಗ್ರ ಚಿತ್ರ ಎಲ್ಲಾ ಕೆಡಿಸ್ಬಿಟ್ಟೆ."

ನನ್ನ ಚಿತ್ರ ಕೆಟ್ಟಿರಲಿಲ್ಲ. ಮುಂದಿನ ವಾರ ಮುಖ ನೆನಪಿನಿಂದ ಬರೆದು ಮುಗಿಸಿ ಒಪ್ಪಿಸಿದೆ. ಪಾಸಾದೆ. ಮೇಷ್ಟ್ರು ಆ ಹಾಳೆಯನ್ನು ಬಹಳ ಕಾಲ ಗೋಡೆಗೆ ಹಾಕಿ ಹೊಸಬರಿಗೆ ತೋರಿಸುತ್ತಿದ್ದರಂತೆ.

ಅಣ್ಣನ ಕೈಗೆ ಕಟ್ಟು ಹಾಕಿಸಿದೆವು. ಮೂಳೆ ಕೂಡಿತು, ಮೊಣಕೈ ಪೂರ್ತಿ ನೆಟ್ಟಗಾಗಲಿಲ್ಲ. ಹಲಗೆ ಹೊರುವುದು ಅವನಿಂದಾಗಲಿಲ್ಲ. ಕಾರ್ಖಾನೆಯ ಗೇಟಿನ ಹತ್ತಿರ ಕೂರಿಸಿದರು. ಅಲ್ಲಿ ಅವನಿಗೆ 'ಹದಿನೆಂಟು ನಿಮಿಷ' ಅಂತ ಹೆಸರು ಬಿತ್ತು. "ಏನ್ಲಾ ಹದಿನೆಂಟು ನಿಮಿಷ, ಗೇಟು ತೆಗೀಲಾ, ಬಿದ್ಗಿದ್ದೀಯ!" ಅಂತ ಹೊರುವವರು ಕೂಗುತ್ತಿದ್ದರು. ತಮಾಷೆ ಅಲ್ಲಿಗೆ ನಿಂತಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅವನಿಗೆ ಹೆಣ್ಣು ನೋಡಲು ಹೊರಟಾಗ ಒಂದು ಮನೆಯವರು, "ನಿಂತಲ್ಲೇ ಬಿದ್ನಂತಲ್ಲ, ಮೂರ್ಛೆ ಕಾಯಿಲೆ ಏನಾದ್ರೂ ಐತಾ?" ಅಂತ ಕೇಳಿ ಕಳಿಸಿದರು. ಆ ಸಂಬಂಧ ಮುರಿಯಿತು. ಯಲ್ದೂರಿನ ಇನ್ನೊಂದು ಮನೆಯವರು ಕೇಳಲೂ ಇಲ್ಲ, ಬರುವುದನ್ನೇ ಬಿಟ್ಟರು. ಎರಡು ಸಲವೂ ನಾನು ಮನೆಯಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಟೈಂಪೀಸು ತಿರುಗಿಸಿದ್ದು ಗೊತ್ತಾದರೆ ಪರೀಕ್ಷೆ ಹೋಗುತ್ತದೆ ಅಂತ ಮೊದಲು ಹೆದರಿದೆ. ಪರೀಕ್ಷೆ ಆದ ಮೇಲೆ ಕೆಲಸ ಹೋಗುತ್ತದೆ ಅಂತ. ಕೆಲಸ ಖಾಯಂ ಆದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರಲ್ಲ ಅಂತ. ಪ್ರತಿಯೊಂದು ಕಾಲಕ್ಕೂ ಒಂದು ಕಾರಣ ಸಿಕ್ಕಿತು.

ಅಣ್ಣನಿಗೆ ಕೊನೆಗೆ ತಡವಾಗಿ ಮದುವೆಯಾಯಿತು. ಅತ್ತಿಗೆ ಒಳ್ಳೆಯವಳು. ಆದರೆ ಅವಳೂ ಅವನನ್ನು ಒಂದು ದಿನವೂ ಏಣಿ ಹತ್ತಲು ಬಿಡಲಿಲ್ಲ.

ಕೆಲಸದ ಬಗ್ಗೆ ಬರೆಯುತ್ತೇನೆ ಅಂದು ಎಲ್ಲಿಗೋ ಬಂದೆ. ನಾನು ಮೊದಲು ಸೇರಿದ್ದು ಮುಳಬಾಗಿಲು ತಾಲ್ಲೂಕಿನ ಒಂದು ಹೈಸ್ಕೂಲಿಗೆ. ಅದು ಎಂಬತ್ತರ ದಶಕದ ಆರಂಭ. ಡ್ರಾಯಿಂಗ್ ಟೀಚರ್ ಅಂದರೆ ಗೋಡೆಯ ಮೇಲೆ ಸುಭಾಷಿತ ಬರೆಯುವವಳು, ಸ್ವಾತಂತ್ರ್ಯ ದಿನಕ್ಕೆ ರಂಗೋಲಿ ಹಾಕುವವಳು, ಗಣಿತದ ಮೇಷ್ಟ್ರು ಬರದಿದ್ದರೆ ಹುಡುಗರನ್ನು ಸುಮ್ಮನೆ ಕೂರಿಸುವವಳು. ಇದು ನಿಮಗೂ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಮೊದಲ ತಿಂಗಳಲ್ಲೇ ಎಂಟನೆಯ ತರಗತಿಯ ಹುಡುಗನೊಬ್ಬನನ್ನು ಬೆಂಚಿನ ಮೇಲೆ ನಿಲ್ಲಿಸಿ ಉಳಿದವರಿಗೆ ಬರೆಯಲು ಹೇಳಿದೆ. ಹೆಡ್ ಮಾಸ್ಟರು ಕಿಟಕಿಯಲ್ಲಿ ನೋಡಿ ಒಳಗೆ ಬಂದರು. ನನ್ನನ್ನು ಏನೂ ಕೇಳಲಿಲ್ಲ. ನೇರ ಹುಡುಗನ ಹತ್ತಿರ ಹೋಗಿ, "ಹೋಂವರ್ಕ್ ಮಾಡಿಲ್ವೇನೋ?" ಅಂತ ಎರಡು ಬಿಟ್ಟರು. ಬೆಂಚಿನ ಮೇಲೆ ನಿಂತವನು ತಪ್ಪು ಮಾಡಿದವನೇ ಅಂತ ಅವರ ಲೆಕ್ಕ. ಆ ಹುಡುಗ ಒಂದು ವಾರ ನನ್ನ ಜೊತೆ ಮಾತು ಬಿಟ್ಟ. ಅಂದಿನಿಂದ ಮಾಡೆಲನ್ನು ನೆಲದ ಮೇಲೆ ನಿಲ್ಲಿಸಿ, ಬರೆಯುವವರನ್ನು ಸುತ್ತ ಕೂರಿಸುವುದು ರೂಢಿ ಮಾಡಿಕೊಂಡೆ. ನಿಮಗೂ ಅದನ್ನೇ ಹೇಳುತ್ತೇನೆ. ನೆಲದ ಮೇಲಿನಿಂದ ಯಾರೂ ಬೀಳುವುದಿಲ್ಲ.

ಶ್ರೀನಿವಾಸಪುರದ ಕಡೆ ಇದ್ದಾಗ ಮಾವಿನ ಕಾಲದಲ್ಲಿ ಅರ್ಧ ತರಗತಿ ಖಾಲಿ ಇರುತ್ತಿತ್ತು. ಒಂದು ದಿನ ಉಳಿದವರನ್ನು ಕರೆದುಕೊಂಡು ತೋಪಿಗೇ ಹೋದೆ. ಕೊಕ್ಕೆಯ ಗಳ ಹಿಡಿದು ಕಾಯಿ ಕೀಳುವವರನ್ನು ಬರೆಯಿರಿ ಅಂದೆ. ಒಬ್ಬ ಹುಡುಗಿ ತನ್ನ ಅಪ್ಪನನ್ನು ಬರೆದಿದ್ದಳು. ಎರಡು ಪಾದವೂ ಇರಲಿಲ್ಲ. ಕೇಳಿದ್ದಕ್ಕೆ, "ಹುಲ್ಲಲ್ಲಿ ಮುಚ್ಚೋಗಿತ್ತು ಟೀಚರ್, ಕಾಣಿಸ್ಲಿಲ್ಲ" ಅಂದಳು. ವೆಂಕಟರಮಣಯ್ಯ ಮೇಷ್ಟ್ರು ಒಪ್ಪುತ್ತಿದ್ದರೋ ಇಲ್ಲವೋ, ನಾನು ಪೂರ್ತಿ ಅಂಕ ಕೊಟ್ಟೆ.

ಆಮೇಲೆ ಅಂಗಡಿಗಳಲ್ಲಿ ಅಚ್ಚಾದ ಚಾರ್ಟುಗಳು ಬಂದವು. ಓಡುವ ಮನುಷ್ಯ, ಕೂತ ಮನುಷ್ಯ, ಹೊರುವ ಮನುಷ್ಯ, ಎಲ್ಲ ಒಂದೇ ಹಾಳೆಯಲ್ಲಿ. ಮಕ್ಕಳು ನೋಡಿಕೊಂಡು ಅಂದವಾಗಿ ಬರೆಯುತ್ತಿದ್ದರು. ಎಲ್ಲರ ಭುಜಗಳೂ ಒಂದೇ ಮಟ್ಟದಲ್ಲಿ. ನಾನು ಚಾರ್ಟು ಬಳಸಲಿಲ್ಲ ಅಂತೇನಿಲ್ಲ, ಬಳಸಿದೆ. ಆದರೆ ತಿಂಗಳಿಗೊಮ್ಮೆಯಾದರೂ ಯಾರನ್ನಾದರೂ ಎದುರಿಗೆ ನಿಲ್ಲಿಸುತ್ತಿದ್ದೆ. ಐದು ನಿಮಿಷ ಮಾತ್ರ. ಐದಾದ ಕೂಡಲೇ ಯಾರ ಚಿತ್ರ ಎಲ್ಲಿಗೇ ಬಂದಿರಲಿ, ನಿಂತವರನ್ನು ಕೂರಿಸಿಬಿಡುತ್ತಿದ್ದೆ. ಮಕ್ಕಳನ್ನು ದಣಿಸದ ಟೀಚರ್ ಅಂತ ವೇಮಗಲ್ಲಿನಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಬೀಳ್ಕೊಡುಗೆಯ ದಿನ ಹೆಡ್ ಮಾಸ್ಟರು ಅದನ್ನೇ ಹೊಗಳಿದರು. ಹಾರ ಹಾಕಿಸಿಕೊಂಡು ಕೂತಿದ್ದೆ.

ಅಣ್ಣನಿಗೆ ಹೇಳಿದ್ದು ಕಳೆದ ವರ್ಷ. ಅವನ ಮೊಮ್ಮಗಳು ಚಿತ್ರಕಲೆ ಕಲಿಯಲು ಸೇರಿದ್ದಾಳೆ. ನಾನು ಮಾಲೂರಿಗೆ ಹೋಗಿದ್ದ ದಿನ ಅವಳು ಹಲಗೆ ಹಿಡಿದುಕೊಂಡು ಬಂದು, "ತಾತ, ಸ್ವಲ್ಪ ಹೊತ್ತು ಹಿಂಗೆ ನಿಂತ್ಕೋ" ಅಂದಳು.

ಅಣ್ಣ ನಕ್ಕ. "ನನ್ನ ಬೇಡ ಕಣಮ್ಮ. ನಾನು ವಯಸ್ಸಲ್ಲೇ ಹದಿನೆಂಟು ನಿಮಿಷಕ್ಕೆ ಬಿದ್ದೋನು. ಈ ಟೀಚರಜ್ಜೀನ ಕೇಳು, ಅವಳು ಗಟ್ಟಿ" ಅಂದ.

ಮೊಮ್ಮಗಳು ನನ್ನ ಕಡೆ ನೋಡಿದಳು. ನಾನು ಹೇಳಿಬಿಟ್ಟೆ. ಐದು ನಿಮಿಷ ಇದೆ ಅಂದದ್ದು, ತಿರುಪು ತಿರುಗಿಸಿದ್ದು, ಎಲ್ಲವನ್ನೂ. ಹೇಳಿ ಮುಗಿಸಲು ಬಹಳ ಹೊತ್ತೇನೂ ಬೇಕಾಗಲಿಲ್ಲ.

ಅಣ್ಣ ಮೊದಲು ಕೇಳಿದ್ದು ಇಷ್ಟೇ: "ಹಂಗಾದ್ರೆ ಎಷ್ಟೊತ್ತು?"

"ಮೂವತ್ತೆಂಟು ನಿಮಿಷ."

"ಮೂವತ್ತೆಂಟಾ? ಸರಿಯಾಗಿ ನೋಡಿದ್ಯಾ?"

"ನೋಡಿದೆ ಅಣ್ಣ."

"ಕೈ ಮೇಲಕ್ಕೆ ಎತ್ಕೊಂಡು?"

"ಹ್ಞೂಂ."

"ತಾತ, ನಮ್ ಕ್ಲಾಸಿಗೆ ಬರೋ ಮಾಡೆಲ್ ಕೈ ಎತ್ತಿದ್ರೆ ಹತ್ತು ನಿಮಿಷಾನೂ ನಿಲ್ಲಲ್ಲ" ಅಂದಳು ಮೊಮ್ಮಗಳು.

ಅವನ ಮುಖದಲ್ಲಿ ಮೊದಲು ಬಂದದ್ದು ಕೋಪವಲ್ಲ. ಗೆದ್ದವನ ಹಾಗೆ ಒಂದು ಗಳಿಗೆ ಕೂತಿದ್ದ. ಕೋಪ ಆಮೇಲೆ ಬಂತು. "ಎರಡು ಮನೆಯೋರು ನನ್ನ ಬೇಡ ಅಂದ್ರಲ್ಲೇ. ಅವಾಗಾದ್ರೂ ಹೇಳ್ಬೋದಿತ್ತಲ್ಲ. ಬಾಗ್ಲ ಹಿಂದೆ ನಿಂತಿದ್ದೆ ನೀನು, ನಂಗೆ ಗೊತ್ತು" ಅಂದ. ತಪ್ಪಾಯಿತು ಅಂದೆ. "ಅದು ನನ್ನ ಹತ್ರ ಬೇಡ" ಅಂದ. ಅವತ್ತು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಅತ್ತಿಗೆ ಇಬ್ಬರಿಗೂ ಬೇರೆ ಬೇರೆ ಬಡಿಸಿದಳು.

ಬೆಳಿಗ್ಗೆ ನಾನು ಹೊರಡಲು ಚೀಲ ತೆಗೆದುಕೊಂಡಾಗ ಅವನೂ ಚಪ್ಪಲಿ ಮೆಟ್ಟಿಕೊಂಡ. ಬಸ್ ಸ್ಟ್ಯಾಂಡಿಗೆ ಬಿಡಲು ಬರುತ್ತಿದ್ದಾನೆ ಅಂದುಕೊಂಡೆ. ಅವನು ರೈಲ್ವೆ ಸ್ಟೇಷನ್ನಿನ ದಾರಿ ಹಿಡಿದ. ಅಲ್ಲೊಂದು ಟೀ ಅಂಗಡಿ. ಹೊರಗಿನ ಬೆಂಚುಗಳ ಮೇಲೆ ಐದಾರು ಮುದುಕರು, ಎಲ್ಲ ಕಾರ್ಖಾನೆಯಲ್ಲಿ ಹಲಗೆ ಹೊತ್ತವರು. ದಿನಾ ಬೆಳಿಗ್ಗೆ ಅಲ್ಲಿ ಸೇರುತ್ತಾರಂತೆ.

"ಬಾರ್ಲಾ ಹದಿನೆಂಟು ನಿಮಿಷ, ಇವತ್ತು ಲೇಟು!" ಅಂದ ಒಬ್ಬ.

ಅಣ್ಣ ಕೂರಲಿಲ್ಲ. "ಇವಳು ನನ್ನ ತಂಗಿ. ಇಸ್ಕೂಲ್ ಟೀಚರ್ ಆಗಿದ್ಲು. ನಿಮಗೇನೋ ಹೇಳ್ಬೇಕಂತೆ" ಅಂದ.

ಮೂವತ್ತು ವರ್ಷ ತರಗತಿಯ ಮುಂದೆ ನಿಂತವಳು ಆರು ಜನರ ಮುಂದೆ ಚೀಲ ಕೆಳಗಿಟ್ಟು ನಿಂತೆ. ಹೇಳಿದೆ. ನನ್ನ ಅಣ್ಣ ಹದಿನೆಂಟು ನಿಮಿಷಕ್ಕೆ ಬೀಳಲಿಲ್ಲ, ಊಟ ಇಲ್ಲದೆ, ನಿದ್ದೆ ಇಲ್ಲದೆ, ಕೈ ಎತ್ತಿಕೊಂಡು ಮೂವತ್ತೆಂಟು ನಿಮಿಷ ನಿಂತಿದ್ದ, ಇಳಿಸಬೇಕಾದವಳು ನಾನು ಇಳಿಸಲಿಲ್ಲ, ಗಡಿಯಾರ ತಿರುಗಿಸಿದವಳೂ ನಾನೇ ಅಂದೆ. ಯಾರೂ ನಗಲಿಲ್ಲ. ಒಬ್ಬ ಟೀ ಲೋಟವನ್ನು ಕೆಳಗಿಟ್ಟ. ಅಂಗಡಿಯವನು ಸೌಟು ಹಿಡಿದುಕೊಂಡೇ ನಿಂತಿದ್ದ. ಸಾಕು ಅಂದುಕೊಂಡು ನಾನು ಚೀಲ ಎತ್ತಿಕೊಂಡೆ.

ಅಣ್ಣ ಬೆಂಚಿನ ತುದಿಯಲ್ಲಿ ಕೂತಿದ್ದವನನ್ನು ತೋರಿಸಿದ.

"ಹೆಸರಿಟ್ಟೋನು ಇವನು, ಮುನಿಯಪ್ಪ. ಇವನಿಗೆ ಕಿವಿ ಕೇಳ್ಸಲ್ಲ. ಇನ್ನೊಂದ್ಸಲ ಹೇಳು, ಜೋರಾಗಿ."